ಮೂರನೇ ಕೂಗಿಗೆ ತೆರೆದ ಬಾಗಿಲು

ನಮ್ಮ ಸೋದರಮಾವ ಟಾಕೀಸಿನ ಬಾಗಿಲು ಕಾಯುತ್ತಿದ್ದ. ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವುದು, ಸಿನಿಮಾ ಮುಗಿದಾಗ ಬಾಗಿಲು ತೆರೆಯುವುದು, ಇವೆರಡೇ ಅವನ ಕೆಲಸ. ಊರಿಗೆಲ್ಲ ಅವನು ಟಾರ್ಚ್ ಮಾವ. ಕಂಡಕಂಡವರಿಗೆಲ್ಲ ಅವನು ಮಾವನಾದನಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವನ ಪ್ರಾಯದಲ್ಲಿ ಅಲ್ಲಿ ಒಂದು ಸಿನಿಮಾ ವರ್ಷವಿಡೀ ಓಡಿತ್ತು. ಕೊನೆಯಲ್ಲಿ ತಾಯಿ ಹೊಸ್ತಿಲಲ್ಲಿ ನಿಂತು ಮಗನನ್ನು ಮೂರು ಸಲ ಕೂಗುತ್ತಾಳೆ. ಮೂರನೆಯದಕ್ಕೂ ಉತ್ತರ ಬರುವುದಿಲ್ಲ. ಹೊರಗೆ ಮುಂದಿನ ಆಟದ ಜನ ಕಿಕ್ಕಿರಿದಿರುತ್ತಿದ್ದುದರಿಂದ, ಮೂರನೇ ಕೂಗು ಕೇಳಿದ್ದೇ ಮಾವ ಪಕ್ಕದ ಬಾಗಿಲುಗಳನ್ನು ತೆರೆದುಬಿಡಬೇಕು. ಬಾಗಿಲಿಗೂ ಅದರ ದಪ್ಪ ಪರದೆಗೂ ನಡುವೆ ಚಿಲಕ ಹಿಡಿದು ನಿಂತಿರುತ್ತಿದ್ದ ಅವನು ಆ ದೃಶ್ಯವನ್ನು ಕಣ್ಣಾರೆ ಕಂಡವನೇ ಅಲ್ಲ, ಬರೀ ಕೇಳಿದವನು. ಜನ ಕಣ್ಣೊರೆಸಿಕೊಳ್ಳುತ್ತ ಅವನ ಮುಂದೆಯೇ ಹಾದುಹೋಗುತ್ತಿದ್ದರು.

ಆಮೇಲೆ ಜನ ಮನೆಯಲ್ಲೇ ಕೂತು ಸಿನಿಮಾ ನೋಡತೊಡಗಿದರು. ಬೆಳಗಿನ ಆಟ ನಿಂತಿತು, ಬಾಲ್ಕನಿ ಮುಚ್ಚಿತು. ಅಷ್ಟರಲ್ಲಿ ಅದೇ ಸಿನಿಮಾವನ್ನು ಹೊಸ ನಟರನ್ನು ಹಾಕಿ ಮತ್ತೆ ತೆಗೆದರು. ಹಳೇ ಗೋಡೆಗೆ ಸುಣ್ಣ ಬಳಿದು ಹೊಸ ಮನೆ ಎನ್ನುವ ಈ ಬುದ್ಧಿ ನನಗೆ ಮೊದಲಿನಿಂದಲೂ ಆಗದು. ಮಾವ ಮಾತ್ರ ಹಿಗ್ಗಿಹೋದ.

"ಇದೊಂದು ಓಡಿದ್ರೆ ನೋಡೋಣ. ಇಲ್ದಿದ್ರೆ ಮುಚ್ಚೋದೇ" ಎಂದಿದ್ದರು ಮಾಲೀಕರು. ಬೇರೆ ಕೆಲಸ ಮಾವನಿಗೆ ಬಾರದು, ಬೇರೆ ಜಾಗ ಅವನಿಗೆ ಬೇಕೂ ಇರಲಿಲ್ಲ.

ಮೊದಲ ದಿನದ ಮೊದಲ ಆಟಕ್ಕೆ ನಾನೂ ಹೋಗಿದ್ದೆ. ಹಾಲ್ ಮುಕ್ಕಾಲು ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ತಲೆ ನೆರೆತವರು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದವರು. ಮಾವ ಒಬ್ಬೊಬ್ಬರನ್ನೂ ಕೈಹಿಡಿದು ಕೂರಿಸಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಇಂಟರ್‌ವಲ್ ಮುಗಿದು ಸ್ವಲ್ಪ ಹೊತ್ತಿಗೇ ತೆರೆಯ ಮೇಲೆ ತಾಯಿ ಕೂಗಿದಳು. ಹೊಸಬರು ಆ ದೃಶ್ಯವನ್ನು ಮೊದಲೇ ಇಟ್ಟಿದ್ದರು. ಮಗ ಎದ್ದು ಬಂದು ಹೊಡೆದಾಡುವುದು ಇನ್ನೂ ಬಾಕಿಯಿತ್ತು. ಮಾವನಿಗೆ ಅದೇನು ಗೊತ್ತು? ಮೂರನೇ ಕೂಗಿಗೆ ಅವನ ಕೈ ತಾನಾಗಿ ಚಿಲಕ ಸರಿಸಿತು. ಬಾಗಿಲುಗಳು ಒಂದರ ಹಿಂದೊಂದು ತೆರೆದುಕೊಂಡವು. ಪರದೆ ಸರಿದು ಬಿಸಿಲು ನುಗ್ಗಿ ತೆರೆ ಬಿಳಿಚಿಕೊಂಡಿತು. ಹಿರಿಯರು ಕಣ್ಣೊರೆಸಿಕೊಂಡು, ಚೀಲ ಎತ್ತಿಕೊಂಡು, ಎದ್ದು ಹೊರಟೇಬಿಟ್ಟರು.

"ಇನ್ನೂ ಇದೆ, ಕೂತ್ಕೊಳ್ಳಿ! ತಪ್ಪಾಯ್ತು, ಒಳಗೆ ಬನ್ನಿ!" ಎಂದು ಮಾವ ಅಂಗಲಾಚಿದ.

"ಅಮ್ಮ ಕೂಗಿದ್ಲಲ್ಲಪ್ಪ, ಇನ್ನೇನಿದೆ ನೋಡೋಕೆ?" ಎಂದು ಒಬ್ಬ ಅಜ್ಜಿ ಅವನ ಕೆನ್ನೆ ತಟ್ಟಿ ಹೋದರು.

ಒಳಗೆ ಉಳಿದವರು ನಾಲ್ಕೈದು ಕಾಲೇಜು ಹುಡುಗರು. ಅವರೂ ಮೊಬೈಲ್ ನೋಡುತ್ತಿದ್ದರು. ನನಗೆ ನಗು ಬಂತು. ಮಾವನ ಮುಖ ನೋಡಿದ ಮೇಲೆ ನಾನೇ ಹೋಗಿ ಬಾಗಿಲುಗಳನ್ನು ಮುಚ್ಚಿದೆ.

ಆಮೇಲಿನ ಆಟಗಳಿಗೆ ಜನ ಬರಲಿಲ್ಲ. ವಾರ ತುಂಬುವಷ್ಟರಲ್ಲಿ ಟಾಕೀಸು ಮುಚ್ಚಿತು. ಅದನ್ನು ಸೋಫಾ ಮಾರುವವರಿಗೆ ಕೊಡುವ ಮಾತುಕತೆ ಈ ಸಿನಿಮಾ ಬರುವ ಮೊದಲೇ ಮುಗಿದಿತ್ತಂತೆ. ಆ ಮಾಲೀಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೂ ಅವರೇ ಮನೆಗೆ ಬಂದು, ಮಾವನ ಎದುರು ಕೂತು, ಇದ್ದದ್ದನ್ನು ಇದ್ದಹಾಗೆ ಹೇಳಿ ಹೋದರು. ನಾನೂ ಹೇಳಿದೆ. ಅತ್ತೆ ಹೇಳಿ ಹೇಳಿ ಸೋತಳು.

ಮಾವ ಅಲ್ಲವೆಂದು ತಲೆಯಾಡಿಸಿದ.

"ಎಲ್ಲರೂ ನನ್ನ ಸಮಾಧಾನಕ್ಕೆ ಹೇಳ್ತೀರಿ. ಜನ ಬಂದಿದ್ರಲ್ಲೋ," ಎಂದ. "ನಾನೇ ಎಬ್ಬಿಸಿ ಕಳಿಸ್ಬಿಟ್ಟೆ."