ಅಮ್ಮ ಅಟ್ಟಕ್ಕೆ ಹಾಕಿದ ಕಾಯಿ

ಇವತ್ತು ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಕೊಬ್ಬರಿ ವಾಸನೆ ಬಂತು. ಮಾನ್ಯ ಮಹಾಜನರೇ, ಕಿಡಿಗೇಡಿಯಾದ ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.

ಆರನೇ ಕ್ಲಾಸಿನಲ್ಲಿ ‘ನನ್ನ ತಾಯಿ’ ಎಂಬ ಪ್ರಬಂಧಕ್ಕೆ ನಾನು ನಮ್ಮ ಎಮ್ಮೆಯ ಮಹಾತ್ಮೆಯನ್ನು ಬರೆದು ಓದಿದ್ದೆ. ಎಲ್ಲರೂ ನಕ್ಕರು. ಅಮ್ಮ ತೀರಿಕೊಂಡು ಐದು ತಿಂಗಳಾಗಿದ್ದು ಗೊತ್ತಿದ್ದ ಕನ್ನಡ ಮೇಡಂ ಮಾತ್ರ ನಗದೆ ನನ್ನ ಬೆಂಚಿಗೆ ಬಂದು ಕೂತರು.

“ಎಮ್ಮೆ ಚೆನ್ನಾಗಿದೆ ಕಣಪ್ಪ. ನಿಮ್ಮಮ್ಮ ಮುಟ್ಟಿದ್ದು ಮನೇಲಿ ಏನಿದೆ ಈಗ? ಅದೊಂದು ಬರಿ, ಸಾಕು.”

ಬರೆದೆ: ‘ಅಟ್ಟದಲ್ಲಿ ಕಾಯಿ ಇದೆ. ಅಮ್ಮ ಏಣಿಯ ಮೇಲೆ ನಿಂತು ಒಂದೊಂದೇ ಇಟ್ಟಿದ್ದು. ನೀರು ಇಂಗಿ ಒಳಗೆ ಕೊಬ್ಬರಿ ಗಡಗಡ ಅನ್ನುತ್ತಿದೆ. ಆದರೂ ಅಪ್ಪ ಇಳಿಸುತ್ತಿಲ್ಲ. ಕೇಳಿದರೆ, ಇನ್ನೂ ಒಣಗ್ಲಿ ಬುಡ್ಲಾ ಅಂತಾನೆ.’

ಮೇಡಂ ಅಂಕ ಹಾಕಲಿಲ್ಲ. “ಇದನ್ನ ನಿಮ್ಮಪ್ಪಂಗೆ ಓದಿ ಹೇಳು” ಅಂದರು.

ಸಂಜೆ ಓದಿದೆ. ಅಪ್ಪ ಏಣಿ ತಂದು ಆನಿಸಿದ. ಒಂದು ಮೆಟ್ಟಿಲು ಹತ್ತಿ ಇಳಿದುಬಿಟ್ಟ.

“ನೀನೇ ಹತ್ಲಾ. ನನ್ ಕೈಲಾಗಲ್ಲ.”

ನಾನು ಒಂದೊಂದೇ ಕೊಟ್ಟೆ. ಅಪ್ಪ ಪ್ರತಿ ಕಾಯಿಯನ್ನೂ ಕಿವಿಗೆ ಹಿಡಿದು ಅಲುಗಿಸಿ ಕೆಳಗಿಟ್ಟ.

ಈಗ ನಾನೂ ಹೊನ್ನವಳ್ಳಿಯ ಮಕ್ಕಳಿಂದ ಪ್ರಬಂಧ ಬರೆಸುವ ಮೇಷ್ಟ್ರು. ಅಪ್ಪನೂ ಇಲ್ಲ. ಅವನು ಹೋದ ಮೇಲೆ ಅವನ ಬಗ್ಗೆ ನಾನು ಬರೆದಿದ್ದು ಇದೇ ಮೊದಲು.