ಅಳುವುದು ಕಲಿಸುತ್ತಿದ್ದವನು

ಸಾಯುವ ಹಿಂದಿನ ದಿನವೂ ಪಿಳ್ಳಣ್ಣ ಇಟ್ಟಮಡುವಿನ ತನ್ನ ಮನೆ ಜಗಲಿ ಮೇಲೆ ಯಾರಿಗೋ ಅಳುವುದು ಕಲಿಸುತ್ತಿದ್ದ. ಜಯನಗರದಲ್ಲಿ ಮಕ್ಕಳಿಲ್ಲದವರು ಉಯಿಲು ಬರೆಯದೆ ಸತ್ತರೆ ಸಾಕು, ಅವರ ಮುಖವನ್ನೇ ನೋಡದ ದೂರದ ದಾಯಾದಿಯೊಬ್ಬನನ್ನು ಹುಳಿಮಾವಿನಿಂದಲೋ ಬೊಮ್ಮನಹಳ್ಳಿಯಿಂದಲೋ ವಾರಸುದಾರನೆಂದು ಹುಡುಕಿ ತರುತ್ತಿದ್ದ; ಆಸ್ತಿ ಸಿಕ್ಕರೆ ತನಗೂ ಒಂದು ಪಾಲು. "ಬರೀ ಕಣ್ಣೊರೆಸಿದ್ರೆ ಮನೆ ಕೈಗೆ ಬರಲ್ಲ ಕಣಯ್ಯ. 'ದೊಡ್ಡಪ್ಪಾ' ಅನ್ನು, ಅರ್ಧಕ್ಕೇ ಗಂಟಲು ಕಟ್ಟಬೇಕು" ಅಂತ ತಾನೇ ಅತ್ತು ತೋರಿಸುವನು. ಎದುರುಮನೆ ಎಮ್ಮೆ ಮೇವು ಬಿಟ್ಟು ನೋಡಬೇಕು, ಹಂಗೆ. ಹೆಂಡತಿ ಮುನಿಯಕ್ಕ ಕಾಫಿ ಕೊಡುತ್ತಾ ನಗುವಳು. ಅವನ ಹೆಣದ ಮುಂದೆಯೂ ಆ ದಾಯಾದಿಗಳೆಲ್ಲ ಬಂದು "ಪಿಳ್ಳಣ್ಣಾ" ಅಂದು ಅರ್ಧಕ್ಕೇ ಗಂಟಲು ಕಟ್ಟಿಸಿಕೊಂಡರು. ಮುನಿಯಕ್ಕನಿಗೂ ಅಳು ಉಕ್ಕಿತು, ಥೇಟ್ ಅದೇ ಥರ. ನಾಚಿಕೆಯಾಗಿ ಸೆರಗು ಬಾಯಿಗೆ ತುರುಕಿಕೊಂಡಳು. "ಗಂಡ ಸತ್ರೂ ಅಳಲಿಲ್ವಲ್ಲೇ ಇವಳು" ಅಂದರು ಜನ. ಈಗಲೂ ದಿನಾ ಬೆಳಿಗ್ಗೆ, ತನ್ನ ಅಳು ಯಾರಿಗೂ ಕೇಳಿಸಬಾರದೆಂದು, ನಲ್ಲಿ ಪೂರ್ತಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಾಳೆ.