ಕರೆಂಟ್ ಕಾರಿನ ಗ್ಯಾಸು

ನನ್ನ ಕಾರಿನಲ್ಲಿ ಗ್ಯಾಸ್ ಇತ್ತೆಂದು ನನಗೆ ಗೊತ್ತಾದದ್ದು ಅದು ಖಾಲಿಯಾದ ಮೇಲೆ. ಕರೆಂಟಿನ ಕಾರು ಕೊಂಡಂದಿನಿಂದ ಇಳಕಲ್ಲಿನಲ್ಲಿ ನನ್ನಷ್ಟು ಶುದ್ಧ ಮನುಷ್ಯ ಮತ್ತೊಬ್ಬನಿಲ್ಲ ಎಂದುಕೊಂಡಿದ್ದೆ. ಹೊಗೆ ಬಿಡುವ ಬಸ್ಸು ಕಂಡರೆ ಗಾಜು ಇಳಿಸಿ ಕಂಡಕ್ಟರಿಗೆ ಉಪದೇಶ ಮಾಡುತ್ತಿದ್ದೆ. ಹುನಗುಂದದ ಶಾಲೆಯೊಂದು ಪರಿಸರದ ಬಗ್ಗೆ ಮಾತಾಡಲು ಕರೆದಾಗ ಭಾಷಣದ ಮೊದಲ ಸಾಲು ತಾನಾಗಿ ಬಂತು: 'ನನ್ನ ಕಾರು ಗಾಳಿಗೆ ಏನನ್ನೂ ಬಿಡುವುದಿಲ್ಲ.'

ಹೊರಡುವ ದಿನವೇ ಏಸಿ ಬಿಸಿಗಾಳಿ ಊದಿತು. ಮೆಕ್ಯಾನಿಕ್ ಮೆಹಬೂಬಸಾಬರು ಬಾನೆಟ್ ಎತ್ತಿ ನೋಡಿದರು.

"ಗ್ಯಾಸ್ ಎಲ್ಲಾ ಸೋರಿ ಹೋಗೇತ್ರಿ ಸರ."

"ಕರೆಂಟ್ ಕಾರಿಗೆ ಎಲ್ಲಿ ಗ್ಯಾಸ್ರೀ?"

"ಓಡಾಕ ಬ್ಯಾಡ್ರಿ, ತಂಪಾಗಾಕ ಬೇಕು. ನಿಮ್ಮದು ಹೀಟ್ ಪಂಪು. ಬ್ಯಾಸಗ್ಯಾಗ ಒಳಗಿನ ಬಿಸಿ ಹೊರಗ, ಥಂಡ್ಯಾಗ ಹೊರಗಿಂದು ಒಳಗ. ಹೊರೋ ಹಮಾಲ ಈ ಗ್ಯಾಸ್. ನಿಮ್ಮ ಕಾರಿಂದು ಹಳೇ ನಮೂನಿದು, ಭಾಳ ಕೆಟ್ಟ. ಒಂದ ಕಿಲೋ ಮ್ಯಾಲ ಹೋದ್ರ, ಹೊಗಿಯೊಳಗಿನ ಇಂಗಾಲದ ಗ್ಯಾಸ್ ಸಾವಿರ ಕಿಲೋ ಬಿಟ್ಟಂಗ."

ನಾನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತುಬಿಟ್ಟೆ.

ಸಾಬರು ಹೇಳಿದಂತೆ ಬೇರೆ ಗ್ಯಾಸುಗಳೂ ಇವೆ. ಹೊಸದೊಂದು ಸೋರಿದರೂ ಆಕಾಶಕ್ಕೆ ಅಷ್ಟು ಕೆಡುಕಿಲ್ಲ. ಆದರೆ ಅದು ಗಾಳಿಯಲ್ಲಿ ಒಡೆದಾಗ ಹುಟ್ಟಿ ಮಳೆನೀರಿಗೆ ಸೇರುವ ಪದಾರ್ಥ ಬೇಗ ಅಳಿಯುವುದಿಲ್ಲ. ಇನ್ನೊಂದು ಸಾಕ್ಷಾತ್ ಇಂಗಾಲದ ಗ್ಯಾಸೇ! ನಾನು ಬಸ್ಸಿನವರನ್ನು ಬೈದದ್ದು ಇದೇ ಗ್ಯಾಸಿಗಾಗಿ. ಚಳಿಯಲ್ಲಿ ಅದು ಹುಲಿ, ನಮ್ಮ ಬಿಸಿಲಲ್ಲಿ ಏದುಸಿರು ಬಿಡುತ್ತದೆ. ಮೂರನೆಯದು ಪ್ರೊಪೇನ್, ಅಡುಗೆ ಸಿಲಿಂಡರಿನೊಳಗೂ ಇರುವಂಥದ್ದು. ಚೆನ್ನಾಗಿ ತಂಪು ಮಾಡುತ್ತದೆ, ಕಿಡಿ ಮಾತ್ರ ತಾಗಬಾರದು. ಯಾವುದಕ್ಕೂ ಯಂತ್ರವೇ ಬೇರೆ ಬೇಕು, ನನ್ನ ಕಾರಿಗೆ ಸುಮ್ಮನೆ ತುಂಬುವಂತಿಲ್ಲ.

"ಗ್ಯಾಸ್ ಖಾಲಿ ಆಗೇತಿ" ಎಂದು ಮನೆಗೆ ಫೋನು ಮಾಡಿದರೆ ಹೆಂಡತಿ ಸಿಲಿಂಡರ್ ಬುಕ್ ಮಾಡಿಬಿಟ್ಟಳು. ರೇಗಲು ಹೋದವನು ಪ್ರೊಪೇನ್ ನೆನಪಾಗಿ ಸುಮ್ಮನಾದೆ. ಅವಳದು ಅಷ್ಟೇನೂ ತಪ್ಪಾಗಿರಲಿಲ್ಲ.

"ಈಗ ಅದ ನಮೂನಿ ಗ್ಯಾಸ್ ತುಂಬಿಕೊಡ್ಲೇನ್ರಿ? ಸೋರೋ ಜಾಗಾ ಹುಡುಕಾಕ ಎರಡ ದಿನ ಬೇಕ್ರಿ" ಎಂದರು ಸಾಬರು. ತುಂಬಿಸಿಕೊಂಡರೆ ತಂಪಾಗಿ ಹೋಗಿ ತಂಪಾಗಿ ಭಾಷಣ ಮಾಡಬಹುದು. ಆದರೆ ದಾರಿಯುದ್ದಕ್ಕೂ ಸೋರುತ್ತಲೇ ಹೋಗಬೇಕು. ಕಾರು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಉಪದೇಶ ಕೇಳಿದ್ದ ಹಳೇ ಶಿಷ್ಯರೇ.

"ಏನ್ರಿ ಸರ, ಇವತ್ತ ನಮ್ಮ ಹೊಗಿ ಗಾಡ್ಯಾಗ? ಕರೆಂಟ್ ಹೋತೇನ್ರಿ?"

"ಕರೆಂಟ್ ಐತ್ರಿ. ಗ್ಯಾಸ್ ಹೋತು."

"ಎಲ್ಲಿಗ್ರಿ?"

ಗ್ಯಾಸಿನದೇ ಚಿಂತೆಯಲ್ಲಿದ್ದ ನಾನು, "ಮ್ಯಾಲಕ್ಕ" ಎಂದೆ.

"ನಮ್ಮ ಬಸ್ಸು ಹುನಗುಂದದ ತನಕ ಅಷ್ಟ ಹೋಗ್ತೈತ್ರಿ" ಎಂದು ಟಿಕೆಟ್ ಹರಿದುಕೊಟ್ಟರು. ನಾನು ಅವರ ಪೆನ್ನನ್ನೂ ಕೇಳಿ ಪಡೆದು, ಭಾಷಣದ ಮೊದಲ ಸಾಲನ್ನು ಹೊಡೆದುಹಾಕಿದೆ.